ತಿದ್ದಿದವರು ಯಾರು?

ಕನ್ನಡ ಅಧ್ಯಾಪಕನಿಗೆ ಅಚ್ಚಿನ ತಪ್ಪಿಗಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಹುಡುಗರ ಉತ್ತರಪತ್ರಿಕೆಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪಿಗೆ ಕೆಂಪು ಮಸಿಯ ಗೆರೆ ಎಳೆಯುವ ಕೈ ತಾನೇ ಸಂಪಾದಿಸಿದ ಪುಸ್ತಕದಲ್ಲಿ ಅದೇ ತಪ್ಪುಗಳನ್ನು ಪುಟಕ್ಕೆ ನಾಲ್ಕರಂತೆ ಕಂಡರೆ ಎಲ್ಲಿ ಅಡಗಿಕೊಳ್ಳಬೇಕು? ಕೆಲವು ವರ್ಷಗಳ ಹಿಂದೆ ನನಗೆ ಆ ಗತಿ ಬಂದಿತ್ತು.

ನಾನು ಆಗ ಕೆಲಸದಲ್ಲಿದ್ದ ಕಾಲೇಜಿನವರು ಹಳಗನ್ನಡ ಪಾಠಗಳ ಒಂದು ಸಂಕಲನವನ್ನು ಹೊರತರಬೇಕೆಂದು ನಿಶ್ಚಯಿಸಿದರು. ಸಂಪಾದಕರು ಮೂವರು, ಮೂವರೂ ಕಾಲೇಜಿನವರೇ. ಅಕ್ಷರ ಜೋಡಿಸುವ ಕೆಲಸವನ್ನು ಮಾತ್ರ ಬಸ್ ನಿಲ್ದಾಣದ ಬಳಿ ಒಂದು ಕೋಣೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ಡಿ.ಟಿ.ಪಿ.ಯವರೊಬ್ಬರಿಗೆ ಗುತ್ತಿಗೆ ಕೊಟ್ಟೆವು. ಕರಡು ನಮ್ಮಲ್ಲಿಗೆ ಬರುವುದು, ನಾವು ತಿದ್ದುವುದು, ತಿದ್ದಿದ್ದು ಅವರಲ್ಲಿಗೆ ಹೋಗುವುದು. ಅವಸರವಾದಾಗ ನಾವೇ ಕಂಪ್ಯೂಟರಿನಲ್ಲಿ ತಿದ್ದಿ ಪೆನ್‌ಡ್ರೈವಿನಲ್ಲಿ ಹಾಕಿ ಕಳುಹಿಸುವುದೂ ಉಂಟು. ಹೀಗೆ ಮೂರು ತಿಂಗಳು ಕಳೆಯುವ ವೇಳೆಗೆ 'ಅಂತಿಮ', 'ಅಂತಿಮ ೨', 'ನಿಜವಾದ ಅಂತಿಮ' ಎಂಬ ಹೆಸರುಗಳಲ್ಲಿ ಒಂದೇ ಪುಸ್ತಕ ನಾಲ್ಕು ಕಂಪ್ಯೂಟರುಗಳಲ್ಲಿ ನಾಲ್ಕು ಅವತಾರ ತಾಳಿತ್ತು. ಕಡೆಗೆ ೫೦೦ ಪ್ರತಿಗಳಾಗಿ ಅಚ್ಚಾಗಿ ಬಂದದ್ದು ನಾವು ಎಂದೋ ಕೈಬಿಟ್ಟಿದ್ದ ಎರಡನೆಯ ಕರಡು!

ತಪ್ಪು ಯಾರದು? ಅದನ್ನು ತೀರ್ಮಾನಿಸಲು ಸೇರಿದ ಸಭೆ ಅರ್ಧ ಗಂಟೆಯಲ್ಲಿ ಮುಗಿಯಿತು. ಸಭೆಯಲ್ಲಿ ಕುಳಿತಿದ್ದವರು ಒಳಗಿನವರು, ಸಭೆಯಲ್ಲಿಲ್ಲದವನು ಹೊರಗಿನವನು; ತೀರ್ಪು ಏನಾಯಿತೆಂದು ವಾಚಕರು ಊಹಿಸಬಲ್ಲರು. ಡಿ.ಟಿ.ಪಿ.ಯವರಿಗೆ ಕೊಡಬೇಕಾಗಿದ್ದ ಬಾಕಿ ಹಣವನ್ನು ತಡೆಹಿಡಿಯಲಾಯಿತು. ಒಪ್ಪಿಗೆಯ ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಈ ಕಥೆಯನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿದೆ. ಅವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಬರೆಯುವವನು. ಅದೂ ಕಾಯಂ ನೌಕರನಾಗಿ ಅಲ್ಲ, ಗುತ್ತಿಗೆಯ ಮೇಲೆ. ಕೇಳಿ ನಕ್ಕ. "ಸಾರ್, ಈ ಕಾಯಿಲೆಗೆ ನಮ್ಮವರು ಔಷಧ ಕಂಡುಹಿಡಿದು ಐವತ್ತು ವರ್ಷವಾಯಿತು" ಎಂದ. ಆ ಔಷಧದ ಹೆಸರು ಸೋರ್ಸ್ ಕಂಟ್ರೋಲ್. ಕನ್ನಡದಲ್ಲಿ ಮೂಲಪಾಠದ ನಿಯಂತ್ರಣ ಎನ್ನೋಣ. ಅಂದಿನಿಂದ ಅದರ ಚರಿತ್ರೆಯನ್ನು ಓದುತ್ತ, ಅರ್ಥವಾಗದ ಕಡೆ ಅವನನ್ನು ಕೇಳುತ್ತ ಬಂದಿದ್ದೇನೆ. ಕನ್ನಡದ ಮೇಷ್ಟ್ರಿಗೆ ಯಂತ್ರದ ಉಸಾಬರಿ ಏಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ಇದು ಯಂತ್ರದ ಚರಿತ್ರೆಯಲ್ಲ. ಒಂದು ಬರಹವನ್ನು ಹಲವರು ತಿದ್ದುವಾಗ ಯಾರನ್ನು ಎಷ್ಟು ನಂಬಬೇಕು ಎಂಬುದರ ಚರಿತ್ರೆ.

ಪ್ರೋಗ್ರಾಮು ಎಂಬುದು ಮೊದಲಿಗೆ ಮನುಷ್ಯರು ಓದಿ ಬರೆಯುವ ಒಂದು ಪಾಠ. ಯಂತ್ರ ಅದನ್ನು ಆಮೇಲೆ ತನ್ನ ಭಾಷೆಗೆ ತಿರುಗಿಸಿಕೊಳ್ಳುತ್ತದೆ. ಈ ಮೂಲಪಾಠ ಸಾವಿರಾರು, ಲಕ್ಷಾಂತರ ಸಾಲುಗಳಿಗೆ ಬೆಳೆಯುತ್ತದೆ. ಹತ್ತಾರು ಜನ ಅದನ್ನು ವರ್ಷಗಟ್ಟಲೆ ತಿದ್ದುತ್ತಾರೆ. ಹಾಗಾದಾಗ ಏನಾಗುವುದೆಂದು ಓಲೆಗರಿಯ ಪ್ರತಿಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಒಬ್ಬ ಲಿಪಿಕಾರ ಪ್ರತಿ ಮಾಡುವಾಗ ಒಂದು ಅಕ್ಷರ ಬಿಡುತ್ತಾನೆ. ಇನ್ನೊಬ್ಬ ತನಗೆ ತಿಳಿಯದ ಪದವನ್ನು ತಿಳಿದ ಪದವಾಗಿ ಮಾರ್ಪಡಿಸುತ್ತಾನೆ. ಮತ್ತೊಬ್ಬ ಭಕ್ತಿ ಹೆಚ್ಚಾಗಿ ಎರಡು ಪದ್ಯಗಳನ್ನು ತಾನೇ ಸೇರಿಸುತ್ತಾನೆ. ಯಾರು, ಎಂದು, ಏಕೆ ತಿದ್ದಿದರೆಂಬುದಕ್ಕೆ ಗುರುತಿಲ್ಲ. ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಸ್ಥೆಯ ವಿದ್ವಾಂಸರು ಮಹಾಭಾರತದ ಪಾಠಭೇದಗಳನ್ನು ಹೋಲಿಸಿ ಪರಿಷ್ಕೃತ ಆವೃತ್ತಿಯನ್ನು ಸಿದ್ಧಪಡಿಸುವ ಕೆಲಸವನ್ನು ೧೯೧೯ರಲ್ಲಿ ಆರಂಭಿಸಿದರು. ಅದು ಮುಗಿದದ್ದು ೧೯೬೬ರಲ್ಲಿ. ತಿದ್ದಿದವರು ಬರೆದಿಡದೆ ಹೋದದ್ದನ್ನು ಊಹಿಸಿ ತಿಳಿಯುವುದಕ್ಕೆ ಸುಮಾರು ಅರ್ಧ ಶತಮಾನ ಬೇಕಾಯಿತು. ತಿದ್ದುವ ಕ್ಷಣದಲ್ಲಿಯೇ ಆ ಗುರುತನ್ನು ಬರೆದಿಡುವಂತೆ ಮಾಡಿದರೆ? ಸೋರ್ಸ್ ಕಂಟ್ರೋಲಿನ ಮೂಲ ವಿಚಾರ ಇಷ್ಟೆ.

ಈ ವಿಚಾರಕ್ಕೆ ಮೊದಲು ಗಟ್ಟಿಯಾದ ರೂಪ ಕೊಟ್ಟವರು ಅಮೆರಿಕದ ಬೆಲ್ ಪ್ರಯೋಗಾಲಯದ ಮಾರ್ಕ್ ರಾಚ್‌ಕೈಂಡ್. ೧೯೭೨ರಲ್ಲಿ ಅವರು ಎಸ್.ಸಿ.ಸಿ.ಎಸ್. ಎಂಬ ಸಾಧನವನ್ನು ರಚಿಸಿದರು. ೧೯೭೫ರಲ್ಲಿ ಅದರ ವಿಷಯವಾಗಿ ಒಂದು ಪ್ರಬಂಧವನ್ನೂ ಪ್ರಕಟಿಸಿದರು. ಅಲ್ಲಿಯವರೆಗೆ ಪ್ರತಿಯೊಂದು ಆವೃತ್ತಿಗೂ ಒಂದೊಂದು ಪೂರ್ತಿ ಪ್ರತಿ ಇಟ್ಟುಕೊಳ್ಳುವುದು ರೂಢಿ. ಒಂದರಲ್ಲಿ ತಿದ್ದಿದ ತಪ್ಪು ಇನ್ನೊಂದರಲ್ಲಿ ಹಾಗೆಯೇ ಉಳಿಯುತ್ತಿತ್ತು. ರಾಚ್‌ಕೈಂಡರ ಸಾಧನ ಪೂರ್ತಿ ಪ್ರತಿಗಳ ಬದಲು ವ್ಯತ್ಯಾಸಗಳನ್ನು ಮಾತ್ರ ಶೇಖರಿಸುತ್ತಿತ್ತು. ಆ ವ್ಯತ್ಯಾಸಗಳನ್ನು ಜೋಡಿಸಿ ಯಾವ ಹಳೆಯ ಪಾಠವನ್ನಾದರೂ ಮತ್ತೆ ಪಡೆಯಬಹುದು. ಅದಕ್ಕಿಂತ ಮುಖ್ಯವಾದದ್ದು, ಪ್ರತಿ ತಿದ್ದುಪಡಿಯ ಜೊತೆಗೂ ನಾಲ್ಕು ಪ್ರಶ್ನೆಗಳಿಗೆ ಉತ್ತರ ದಾಖಲಾಗುತ್ತಿತ್ತು. ಏನು ತಿದ್ದಿದ್ದು? ಯಾರು? ಎಂದು? ಏಕೆ?

ಎರಡು ಕೈಗಳು ಒಟ್ಟಿಗೆ ಒಂದೇ ಕಡತವನ್ನು ತಿದ್ದದಂತೆ ಆಗ ಬೀಗದ ಪದ್ಧತಿ ಇತ್ತು. ಒಬ್ಬರು ತಿದ್ದಲು ತೆಗೆದುಕೊಂಡ ಕಡತಕ್ಕೆ ಬೀಗ ಬೀಳುತ್ತಿತ್ತು. ಅವರು ಹಿಂದಿರುಗಿಸುವವರೆಗೆ ಮಿಕ್ಕವರು ಓದಬಹುದು, ತಿದ್ದುವಂತಿಲ್ಲ. ೧೯೮೨ರಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದ ವಾಲ್ಟರ್ ಟಿಕಿ ರಚಿಸಿದ ಆರ್.ಸಿ.ಎಸ್. ಸಾಧನದಲ್ಲಿಯೂ ಬೀಗವೇ ಪದ್ಧತಿ. ಎಲ್ಲರೂ ಒಂದೇ ಕಟ್ಟಡದಲ್ಲಿದ್ದರೆ ಇದು ಹೇಗೋ ನಡೆಯುತ್ತದೆ. ಬೀಗ ಹಾಕಿದವರು ರಜೆಯ ಮೇಲೆ ಊರಿಗೆ ಹೋದರೆ ಕಷ್ಟ; ಕಾಲೇಜಿನ ಗ್ರಂಥಾಲಯದಲ್ಲಿ ಇರುವ ಒಂದೇ ನಿಘಂಟನ್ನು ಪರೀಕ್ಷೆಯ ಕಾಲದಲ್ಲಿ ಯಾರೋ ಮನೆಗೆ ಒಯ್ದು ಕುಳಿತಂತೆ. ಬೀಗದ ಹಿಂದಿರುವ ಮನೋಭಾವವನ್ನು ಗಮನಿಸಬೇಕು. ಒಂದು ಕಾಲಕ್ಕೆ ಒಬ್ಬರೇ, ಅದೂ ಮನೆಯವರೇ ಎಂಬುದು ಅದರ ನಂಬಿಕೆ.

ಆ ಬೀಗವನ್ನು ತೆಗೆದದ್ದು ಯಾವ ದೊಡ್ಡ ಕಂಪನಿಯೂ ಅಲ್ಲ. ಆಮ್‌ಸ್ಟರ್‌ಡ್ಯಾಮಿನ ಫ್ರೈಯೆ ವಿಶ್ವವಿದ್ಯಾನಿಲಯದ ಅಧ್ಯಾಪಕ ಡಿಕ್ ಗ್ರೂನ ಅವರು ತಮ್ಮ ಇಬ್ಬರು ವಿದ್ಯಾರ್ಥಿಗಳೊಡನೆ ೧೯೮೪-೮೫ರಲ್ಲಿ ಒಂದು ಕಂಪೈಲರಿನ ಕೆಲಸ ಮಾಡುತ್ತಿದ್ದರು. ಒಬ್ಬ ಶಿಷ್ಯ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಗಡಿಯಾರದಂತೆ ಕೆಲಸ ಮಾಡುವವನು, ಇನ್ನೊಬ್ಬನಿಗೆ ಹೊತ್ತುಗೊತ್ತಿಲ್ಲ, ಗುರುವಿಗೋ ಸಂಜೆಯ ಮೇಲೆ ಮಾತ್ರ ಬಿಡುವು. ಒಬ್ಬರು ಬೀಗ ತೆಗೆಯುವವರೆಗೆ ಇನ್ನೊಬ್ಬರು ಕಾಯಬೇಕೆಂದರೆ ಮೂವರ ಕೆಲಸವೂ ಸಾಗದು. ಆದಕಾರಣ ಗ್ರೂನ ಒಂದು ಉಪಾಯ ಮಾಡಿದರು. ಯಾರೂ ಬೀಗ ಹಾಕತಕ್ಕದ್ದಿಲ್ಲ. ಎಲ್ಲರೂ ತಮ್ಮ ತಮ್ಮ ಪ್ರತಿಯನ್ನು ತಿದ್ದಿಕೊಂಡು ಬರಲಿ. ಬಂದಮೇಲೆ ತಿದ್ದುಪಡಿಗಳನ್ನು ಕೂಡಿಸೋಣ. ಇಬ್ಬರು ಬೇರೆ ಬೇರೆ ಸಾಲುಗಳನ್ನು ತಿದ್ದಿದ್ದರೆ ಸಾಧನವೇ ಕೂಡಿಸುತ್ತದೆ. ಒಂದೇ ಸಾಲಿಗೆ ಇಬ್ಬರೂ ಕೈ ಹಾಕಿದ್ದರೆ ಮಾತ್ರ ಅದು ನಿಂತು, 'ಇದನ್ನು ನೀವೇ ಕುಳಿತು ಮಾತನಾಡಿಕೊಳ್ಳಿ' ಎನ್ನುತ್ತದೆ. ೧೯೮೬ರಲ್ಲಿ ಗ್ರೂನ ಇದನ್ನು ಎಲ್ಲರಿಗೂ ಹಂಚಿದರು. ಇದೇ ಸಿ.ವಿ.ಎಸ್. ಎಂದು ಹೆಸರಾದ ಸಾಧನ.

ಇದನ್ನು ೧೯೮೯ರ ವೇಳೆಗೆ ಹೊಸದಾಗಿ ಬರೆದವರು ಅಮೆರಿಕದ ಕೊಲರಾಡೋ ಸಂಸ್ಥಾನದಲ್ಲಿದ್ದ ಪ್ರಿಸ್ಮಾ ಎಂಬ ಕಂಪನಿಯ ಬ್ರಿಯಾನ್ ಬರ್ಲಿನರ್. ನಮ್ಮ ವಿಷಯಕ್ಕೆ ಇವರ ಕೆಲಸ ಬಹಳ ಹತ್ತಿರದ್ದು. ಪ್ರಿಸ್ಮಾದವರು ಸನ್ ಕಂಪನಿಯಿಂದ ಬಂದ ಮೂಲಪಾಠವನ್ನು ತಮ್ಮ ಅಗತ್ಯಕ್ಕೆ ತಿದ್ದಿಕೊಳ್ಳುತ್ತಿದ್ದರು. ಹೊರಗಿನವರು ಆಗಾಗ್ಗೆ ಹೊಸ ಆವೃತ್ತಿ ಕಳುಹಿಸುತ್ತಾರೆ. ಅದನ್ನು ಹಾಗೆಯೇ ಹಾಕಿಕೊಂಡರೆ ಒಳಗಿನವರ ತಿದ್ದುಪಡಿ ಅಳಿಸಿಹೋಗುತ್ತದೆ. ಹಾಕಿಕೊಳ್ಳದಿದ್ದರೆ ಹೊರಗಿನ ಸುಧಾರಣೆ ತಪ್ಪಿಹೋಗುತ್ತದೆ. ಬರ್ಲಿನರ್ ಹೊರಗಿನಿಂದ ಬಂದದ್ದಕ್ಕೆ ಪ್ರತ್ಯೇಕವಾದ ಒಂದು ಕೊಂಬೆಯನ್ನು ಇಟ್ಟರು. ಆ ಕೊಂಬೆಯಲ್ಲಿ ಹೊರಗಿನವರ ಪಾಠ ಕೈ ಸೋಕದೆ ಇರುತ್ತದೆ. ಮನೆಯವರ ತಿದ್ದುಪಡಿ ಬೇರೆ ಕೊಂಬೆಯಲ್ಲಿ. ಎರಡನ್ನೂ ಬೇಕಾದಾಗ ಕೂಡಿಸಬಹುದು. ಹೊರಗಿನವರ ಬರಹ ಯಾವುದು, ನಮ್ಮದು ಯಾವುದು ಎಂಬ ವಿವೇಕ ಎಂದಿಗೂ ಕೆಡುವುದಿಲ್ಲ. ನಮ್ಮ ಸಂಕಲನಕ್ಕೆ ಇಂಥ ಎರಡು ಕೊಂಬೆಗಳಿದ್ದಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇದೇ ವೇಳೆಗೆ ನಮ್ಮ ಬೆಂಗಳೂರೂ ಈ ಚರಿತ್ರೆಯೊಳಗೆ ಕಾಲಿಟ್ಟಿತ್ತು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಇಲ್ಲಿ ಕೇಂದ್ರ ತೆರೆದು ಉಪಗ್ರಹದ ಮೂಲಕ ಸಂಪರ್ಕ ಏರ್ಪಡಿಸಿಕೊಂಡಿತು. ಬರಹಗಾರ ಒಂದು ಖಂಡದಲ್ಲಿ, ಬರಹದ ಒಡೆಯ ಇನ್ನೊಂದು ಖಂಡದಲ್ಲಿ ಇರಬಹುದು ಎಂಬುದು ಕಣ್ಣಿಗೆ ಕಾಣುವ ಸಂಗತಿಯಾಯಿತು. ೧೯೯೦ರ ದಶಕದ ಕೊನೆಯಲ್ಲಿ ಇದಕ್ಕೆ ದೊಡ್ಡ ಪರೀಕ್ಷೆ ಬಂದಿತು. ಹಳೆಯ ಪ್ರೋಗ್ರಾಮುಗಳಲ್ಲಿ ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆಯುವ ರೂಢಿ ಇದ್ದುದರಿಂದ ೨೦೦೦ ಬಂದಾಗ ಯಂತ್ರ ಅದನ್ನು ೧೯೦೦ ಎಂದು ತಿಳಿದೀತೆಂಬ ಭಯ. ಅಮೆರಿಕದ ಬ್ಯಾಂಕು, ವಿಮಾ ಕಂಪನಿಗಳ ಹಳೆಯ ಪ್ರೋಗ್ರಾಮುಗಳನ್ನು ಸಾಲುಸಾಲಾಗಿ ತಿದ್ದುವ ಗುತ್ತಿಗೆ ಭಾರತದ ಕಂಪನಿಗಳಿಗೆ ಬಂದಿತು. ಆಗ ಎರಡು ತೊಡಕುಗಳು ಬಯಲಾದುವು. ಓಡುತ್ತಿರುವ ಎಷ್ಟೋ ಪ್ರೋಗ್ರಾಮುಗಳಿಗೆ ಹೊಂದುವ ಮೂಲಪಾಠವೇ ಸಿಗದೆ ಹೋದದ್ದು ಒಂದು. ಗುತ್ತಿಗೆಯವರು ಇಲ್ಲಿ ತಿದ್ದುತ್ತಿರುವಾಗ ಒಡೆಯರ ಮನೆಯ ನೌಕರರು ಅದೇ ಪಾಠವನ್ನು ಅಲ್ಲಿಯೂ ತಿದ್ದುತ್ತಿದ್ದದ್ದು ಇನ್ನೊಂದು. ಎಚ್ಚರದವರು ಒಂದು ದಿನಾಂಕ ಗೊತ್ತುಮಾಡಿ 'ಇಂದಿನಿಂದ ಮನೆಯವರು ಯಾರೂ ಕೈ ಹಚ್ಚಕೂಡದು' ಎಂದು ಸ್ತಂಭನ ಘೋಷಿಸುತ್ತಿದ್ದರು. ಆದರೆ ವ್ಯಾಪಾರ ನಿಲ್ಲುವುದುಂಟೆ? ಮಧ್ಯೆ ಮಾಡಿದ ತುರ್ತು ತಿದ್ದುಪಡಿಗಳನ್ನು ಹಿಂದಿರುಗಿ ಬಂದ ಪಾಠದೊಳಗೆ ಮತ್ತೆ ಸೇರಿಸಬೇಕಾಗುತ್ತಿತ್ತು. ದಾಖಲೆ ಚೆನ್ನಾಗಿದ್ದ ಕಡೆ ಅದು ಕೆಲಸ; ಇಲ್ಲದ ಕಡೆ ಅದು ಜಗಳ.

ಈ ಎಲ್ಲ ಸಾಧನಗಳಿಗೂ ಒಂದು ಸಮಾನ ಗುಣವಿತ್ತು. ಭಂಡಾರ ಒಂದೇ, ಅದರ ಬಾಗಿಲು ಒಂದೇ. ಒಳಗಿನವನಿಗೆ ಬರೆಯುವ ಅಧಿಕಾರ, ಹೊರಗಿನವನಿಗೆ ಇಲ್ಲ. ಹೊರಗಿನವನಿಗೆ ಅಧಿಕಾರ ಕೊಟ್ಟರೆ ಅವನನ್ನು ಪೂರ್ತಿ ನಂಬಬೇಕು. ಕೊಡದಿದ್ದರೆ ಅವನು ಅಂಚೆಯ ಮೂಲಕ ಚೀಟಿ ಕಳುಹಿಸುತ್ತ ಕೂಡಬೇಕು. ಈ ಸಂಕಟವನ್ನು ಬಿಡಿಸಿದ ಕಥೆಯೇ ಇಡೀ ಚರಿತ್ರೆಯಲ್ಲಿ ಅತ್ಯಂತ ಸ್ವಾರಸ್ಯವಾದದ್ದು.

ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿದ ಲಿನಕ್ಸ್ ಎಂಬ ಪ್ರೋಗ್ರಾಮಿನ ಹೆಸರನ್ನು ವಾಚಕರು ಕೇಳಿರಬಹುದು. ಅದರಲ್ಲಿ ಒಳಗಿನವರು ಹೊರಗಿನವರು ಎಂಬ ಭೇದವೇ ವಿಚಿತ್ರ. ಯಾವುದೋ ದೇಶದ ಯಾವುದೋ ಊರಿನಲ್ಲಿ ಕುಳಿತವರು ತಿದ್ದುಪಡಿಗಳನ್ನು ಕಳುಹಿಸುತ್ತಾರೆ; ಕೆಲವರು ಸ್ವಂತ ಆಸಕ್ತಿಯಿಂದ, ಕೆಲವರು ತಮ್ಮ ಕಂಪನಿಯ ಸಂಬಳದ ಮೇಲೆ. ಮೊದಲ ಹತ್ತು ವರ್ಷ ಟೊರ್ವಾಲ್ಡ್ಸರು ಯಾವ ಸಾಧನವನ್ನೂ ಇಟ್ಟುಕೊಳ್ಳದೆ ಮಿಂಚಂಚೆಯಲ್ಲಿ ಬಂದ ತಿದ್ದುಪಡಿಗಳನ್ನು ತಾವೇ ಓದಿ ಸೇರಿಸುತ್ತಿದ್ದರು. ಕಳುಹಿಸಿದ್ದು ಕಳೆದುಹೋಯಿತೆಂಬ ದೂರುಗಳು ಬೆಳೆದಮೇಲೆ ೨೦೦೨ರಲ್ಲಿ ಲ್ಯಾರಿ ಮೆಕ್‌ವಾಯ್ ಎಂಬವರ ಕಂಪನಿಯ ಬಿಟ್‌ಕೀಪರ್ ಎಂಬ ಸಾಧನವನ್ನು ಒಪ್ಪಿಕೊಂಡರು. ಅದು ಖಾಸಗಿ ಸ್ವತ್ತು. ಲಿನಕ್ಸಿನವರಿಗೆ ಷರತ್ತುಗಳ ಮೇಲೆ ಪುಕ್ಕಟೆ. ಈ ಷರತ್ತು ಒಗ್ಗದವರಿಗಾಗಿ ಮೂಲಪಾಠದ ಒಂದು ನಕಲನ್ನು ಹಳೆಯ ಸಿ.ವಿ.ಎಸ್.ನಲ್ಲಿ ಇಡಲಾಗಿತ್ತು.

೨೦೦೩ರ ನವೆಂಬರಿನಲ್ಲಿ ಆ ನಕಲಿನೊಳಗೆ ಯಾರೋ ಕಳ್ಳತನದಿಂದ ಎರಡು ಸಾಲು ಸೇರಿಸಿದರು. ವ್ಯಾಕರಣದ ಮೇಷ್ಟ್ರಾದ ನಾನು ಈ ಎರಡು ಸಾಲಿಗೆ ಬೆರಗಾದೆ. ಆ ಪ್ರೋಗ್ರಾಮು ಭಾಷೆಯಲ್ಲಿ ಎರಡು ಸಮಚಿಹ್ನೆ ಬರೆದರೆ 'ಇದು ಅದಕ್ಕೆ ಸಮವೆ?' ಎಂಬ ಪ್ರಶ್ನೆ. ಒಂದೇ ಸಮಚಿಹ್ನೆ ಬರೆದರೆ 'ಇದು ಅದಾಗಲಿ' ಎಂಬ ವಿಧಿ. ಯಂತ್ರಕ್ಕೆ ಸರ್ವಾಧಿಕಾರಿಯ ಸಂಖ್ಯೆ ಸೊನ್ನೆ. ಕಳ್ಳ ಬರೆದ ಸಾಲು ಮೇಲುನೋಟಕ್ಕೆ 'ಇವನು ಸರ್ವಾಧಿಕಾರಿಯೆ?' ಎಂದು ಕೇಳುವಂತಿತ್ತು. ಆದರೆ ಒಂದು ಸಮಚಿಹ್ನೆಯನ್ನು ಬಿಟ್ಟಿದ್ದುದರಿಂದ ಅದರ ನಿಜವಾದ ಅರ್ಥ 'ಇವನು ಸರ್ವಾಧಿಕಾರಿಯಾಗಲಿ' ಎಂದು. ಪ್ರಶ್ನಾರ್ಥಕದ ವೇಷದಲ್ಲಿ ಬಂದ ವಿಧ್ಯರ್ಥಕ! ಗುಟ್ಟು ತಿಳಿದ ಯಾರೇ ಆಗಲಿ ಯಂತ್ರದ ಯಜಮಾನನಾಗಬಹುದಿತ್ತು. ಅದು ಸಿಕ್ಕಿಬಿದ್ದದ್ದು ಹೇಗೆ? ಆ ಸಾಲಿನ ಅರ್ಥ ಹೊಳೆದದ್ದು ಆಮೇಲೆ. ಮೊದಲು ಕಣ್ಣಿಗೆ ಬಿದ್ದದ್ದು, ಅದಕ್ಕೆ ಮೂಲ ಭಂಡಾರದಲ್ಲಿ ಹೊಂದುವ ದಾಖಲೆ ಇಲ್ಲ ಎಂಬುದು. ತಿದ್ದಿದವರು ಯಾರು ಎಂಬ ಪ್ರಶ್ನೆಗೆ ಉತ್ತರವಿಲ್ಲದ ತಿದ್ದುಪಡಿ ಎಂಬ ಒಂದೇ ಕಾರಣಕ್ಕೆ ಅದು ಹೊರಬಿತ್ತು. ಮೂಲಪಾಠಕ್ಕೆ ಧಕ್ಕೆ ತಗುಲಲಿಲ್ಲ.

೨೦೦೫ರಲ್ಲಿ ಬಿಟ್‌ಕೀಪರಿನೊಡನೆ ಸಂಬಂಧ ಮುರಿಯಿತು. ಆಸ್ಟ್ರೇಲಿಯದ ಆಂಡ್ರೂ ಟ್ರಿಜೆಲ್ ಆ ಸಾಧನ ಮಾತನಾಡುವ ಬಗೆಯನ್ನು ಹೊರಗಿನಿಂದ ಅಭ್ಯಾಸಮಾಡಿ ಅದರೊಡನೆ ವ್ಯವಹರಿಸಬಲ್ಲ ಇನ್ನೊಂದು ಪ್ರೋಗ್ರಾಮು ಬರೆದರು. ಕಂಪನಿ ಪುಕ್ಕಟೆ ಅನುಮತಿಯನ್ನು ಹಿಂತೆಗೆದುಕೊಂಡಿತು. ಪರರ ಮನೆಯಲ್ಲಿ ಭಂಡಾರ ಇಟ್ಟವರು ಒಂದು ದಿನ ಬೀದಿಗೆ ಬೀಳುವುದು ಆಶ್ಚರ್ಯವಲ್ಲ. ಆಗ ಟೊರ್ವಾಲ್ಡ್ಸರು ಏಪ್ರಿಲ್ ೩ರಂದು ಹೊಸ ಸಾಧನವೊಂದನ್ನು ಬರೆಯಲು ತೊಡಗಿದರು. ಏಪ್ರಿಲ್ ೭ರ ವೇಳೆಗೆ ಆ ಸಾಧನ ತನ್ನ ಮೂಲಪಾಠವನ್ನೇ ತಾನು ಕಾಪಾಡಿಕೊಳ್ಳತೊಡಗಿತ್ತು. ಅದೇ ಗಿಟ್. ಅದೇ ವರ್ಷದ ಜುಲೈಯಲ್ಲಿ ಅದರ ಹೊಣೆಯನ್ನು ಜುನಿಯೋ ಹಮಾನೊ ಎಂಬವರಿಗೆ ಒಪ್ಪಿಸಿದರು.

ಗಿಟ್‌ನಲ್ಲಿ ಹೊಸದೇನು? ಮೊದಲನೆಯದು, ಪ್ರತಿಯೊಬ್ಬನಿಗೂ ಪೂರ್ತಿ ಭಂಡಾರ ದೊರೆಯುತ್ತದೆ. ಇಂದಿನ ಪಾಠವಷ್ಟೇ ಅಲ್ಲ, ಹಿಂದಿನ ಎಲ್ಲ ಪಾಠಗಳೂ, ಅವುಗಳ ಚರಿತ್ರೆಯೂ. ಹೊರಗಿನವನು ತನ್ನ ಮನೆಯಲ್ಲಿ ತನಗಿಷ್ಟ ಬಂದಂತೆ ತಿದ್ದಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಅದನ್ನು ಮುಖ್ಯ ಪಾಠದೊಳಗೆ ಸೇರಿಸುವುದು ಬಿಡುವುದು ಆ ಮನೆಯವರ ವಿವೇಚನೆ. ಎರಡನೆಯದು, ಪ್ರತಿ ದಾಖಲೆಗೂ ಅದರ ಒಳಗಿನ ಮಾತಿನಿಂದಲೇ ಲೆಕ್ಕ ಹಾಕಿ ಪಡೆದ ನಲವತ್ತು ಅಕ್ಷರಗಳ ಹೆಸರು. ಆ ಲೆಕ್ಕದಲ್ಲಿ ಹಿಂದಿನ ದಾಖಲೆಯ ಹೆಸರೂ ಸೇರಿರುತ್ತದೆ. ಹಳೆಯ ಗರಿಯೊಂದರಲ್ಲಿ ಯಾರಾದರೂ ಗುಟ್ಟಾಗಿ ಒಂದು ಅಕ್ಷರ ಬದಲಾಯಿಸಿದರೆ ಅಲ್ಲಿಂದ ಮುಂದಿನ ಎಲ್ಲ ಗರಿಗಳ ಹೆಸರೂ ಬದಲಾಗಿ ಕಳ್ಳತನ ಬಯಲಾಗುತ್ತದೆ. ಮೂರನೆಯದು ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಗೆಯಾದದ್ದು. ಪ್ರತಿ ತಿದ್ದುಪಡಿಗೂ ಗಿಟ್ ಎರಡು ಹೆಸರು ಬರೆದಿಡುತ್ತದೆ: ಬರೆದವರು ಯಾರು, ಸೇರಿಸಿದವರು ಯಾರು. ಒಳಗಿನವನು ಸೇರಿಸಿದ ಮಾತ್ರಕ್ಕೆ ಹೊರಗಿನವನ ಹೆಸರು ಅಳಿಯುವುದಿಲ್ಲ. ಹೊರಗಿನವನು ಬರೆದ ಮಾತ್ರಕ್ಕೆ ಒಪ್ಪಿದವನ ಹೊಣೆ ತಪ್ಪುವುದಿಲ್ಲ.

ಹೆಸರಿನ ಈ ಪ್ರಶ್ನೆ ಕೇವಲ ಮರ್ಯಾದೆಯದಲ್ಲ, ಕಾನೂನಿನದೂ ಹೌದು. ನಮ್ಮ ದೇಶದ ೧೯೫೭ರ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ 'ಸಾಹಿತ್ಯಕೃತಿ' ಎಂಬುದರ ವ್ಯಾಖ್ಯೆಯೊಳಗೆ ಕಂಪ್ಯೂಟರ್ ಪ್ರೋಗ್ರಾಮೂ ಸೇರುತ್ತದೆಂದು ತಿಳಿದಾಗ ನನಗೆ ನಗು ಬಂದಿತು. ನನ್ನ ಶಿಷ್ಯ ನನಗಿಂತ ಹೆಚ್ಚು ಸಾಹಿತ್ಯ ರಚಿಸಿದ್ದಾನೆ! ನೌಕರನು ನೌಕರಿಯ ಅಂಗವಾಗಿ ಬರೆದದ್ದಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಧಣಿಯೇ ಒಡೆಯ. ಗುತ್ತಿಗೆಯವನು ಬರೆದ ಪ್ರೋಗ್ರಾಮಿಗೆ ಮೊದಲ ಒಡೆಯ ಬರೆದವನೇ. ಅದು ಕಂಪನಿಗೆ ಸೇರಬೇಕಾದರೆ ಬರಹದಲ್ಲಿ ವರ್ಗಾವಣೆಯಾಗಬೇಕು. ಆದ್ದರಿಂದ ಯಾವ ಸಾಲು ಯಾರದೆಂಬುದು ತಿಳಿದಿರಲೇಬೇಕು. ೨೦೦೩ರಲ್ಲಿ ಅಮೆರಿಕದ ಎಸ್.ಸಿ.ಓ. ಎಂಬ ಕಂಪನಿ ತನ್ನ ಸ್ವತ್ತು ಲಿನಕ್ಸಿನೊಳಗೆ ಸೇರಿದೆಯೆಂದು ಐ.ಬಿ.ಎಂ. ಮೇಲೆ ದಾವೆ ಹೂಡಿತು. ಮರುವರ್ಷವೇ ಲಿನಕ್ಸಿನವರು ಒಂದು ನಿಯಮ ತಂದರು. ತಿದ್ದುಪಡಿ ಕಳುಹಿಸುವ ಪ್ರತಿಯೊಬ್ಬನೂ 'ಇದನ್ನು ಕೊಡುವ ಹಕ್ಕು ನನಗಿದೆ' ಎಂಬ ಪ್ರಮಾಣಕ್ಕೆ ತನ್ನ ಹೆಸರಿನ ಸಹಿ ಹಾಕಬೇಕು.

ಹಾಗಾದರೆ ಸಹಿಯಿದ್ದ ಮಾತ್ರಕ್ಕೆ ಎಲ್ಲವೂ ಕ್ಷೇಮವೆ? ಅಲ್ಲ. ೨೦೨೪ರ ಮಾರ್ಚಿಯಲ್ಲಿ ನಡೆದ ಒಂದು ಪ್ರಸಂಗ ಇದಕ್ಕೆ ಸಾಕ್ಷಿ. ಎಕ್ಸ್‌ಝಡ್ ಎಂಬ ಒಂದು ಸಣ್ಣ ಪ್ರೋಗ್ರಾಮು, ಕಡತಗಳನ್ನು ಅಡಕಮಾಡುವಂಥದು, ಲೋಕದ ಅಸಂಖ್ಯಾತ ಯಂತ್ರಗಳಲ್ಲಿದೆ. ಅದನ್ನು ಬಹುಕಾಲ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಹೊರಗಿನಿಂದ ಒಬ್ಬ ಸಹಾಯಕ ಬಂದ. ಎರಡು ವರ್ಷಕ್ಕೂ ಮೇಲ್ಪಟ್ಟು ಒಳ್ಳೆಯ ತಿದ್ದುಪಡಿಗಳನ್ನೇ ಕೊಟ್ಟು ವಿಶ್ವಾಸ ಗಳಿಸಿ ಕಡೆಗೆ ಒಳಗಿನವನೇ ಆದ. ಆಮೇಲೆ ಕಳ್ಳ ಬಾಗಿಲನ್ನು ಇಟ್ಟ. ಅವನ ಹೆಸರು ದಾಖಲೆಯಲ್ಲಿತ್ತು. ಆ ಹೆಸರಿನ ಹಿಂದಿರುವ ಮನುಷ್ಯ ಮಾತ್ರ ಇರಲಿಲ್ಲ. ಕಳ್ಳ ಬಾಗಿಲನ್ನು ತೆರೆಯುವ ಕೀಲಿಯ ಭಾಗವನ್ನು ಅವನು ಎಲ್ಲರೂ ನೋಡುವ ಭಂಡಾರದಲ್ಲಿ ಇಡದೆ ಹಂಚುವ ಕಟ್ಟಿನೊಳಗೆ ಮಾತ್ರ ಸೇರಿಸಿದ್ದ. ಅದನ್ನು ಕಂಡುಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಪ್ರೋಗ್ರಾಮರು; ಯಂತ್ರಕ್ಕೆ ಪ್ರವೇಶ ಪಡೆಯುವುದು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ, ಏಕೆ ಎಂದು ಅವರು ಹಟ ಹಿಡಿದು ಹುಡುಕಿದರು. ಸಾಧನ ಎಷ್ಟೇ ಉತ್ತಮವಾದರೂ ಓದುವ ಕಣ್ಣಿಗೆ ಬದಲಿಯಿಲ್ಲ ಎಂಬುದು ಇದರ ಪಾಠ. ಹೊರಗಿನವನನ್ನು ಅನುಮಾನಿಸುವುದಾಗಲಿ ಒಳಗಿನವನನ್ನು ಕಣ್ಣುಮುಚ್ಚಿ ನಂಬುವುದಾಗಲಿ ಓದುವ ಶ್ರಮವನ್ನು ತಪ್ಪಿಸುವ ಎರಡು ಸುಲಭದ ದಾರಿಗಳು.

ಶಿಷ್ಯನ ಸ್ವಂತ ಕಥೆಯೊಂದನ್ನು ಹೇಳಬೇಕು. ಅವನು ಕೆಲಸ ಮಾಡಿದ ಒಂದು ಕಡೆ ಗುತ್ತಿಗೆ ಮುಗಿಸಿ ಬಂದ ಆರು ತಿಂಗಳ ಮೇಲೆ ಲೆಕ್ಕದ ಪ್ರೋಗ್ರಾಮಿನಲ್ಲಿ ಒಂದು ದೋಷ ಕಾಣಿಸಿತು. 'ಗುತ್ತಿಗೆಯವನು ಕೆಡಿಸಿ ಹೋದ' ಎಂದರು. ಅವನ ಹೊಸ ಕೆಲಸಕ್ಕೂ ಆ ಮಾತು ತಲಪಿತು. ದಾಖಲೆ ತೆಗೆದು ನೋಡಿದರು. ಆ ಸಾಲು ಅವನದೇ. ಆದರೆ ಅದರ ಪಕ್ಕದಲ್ಲಿ 'ಏಕೆ' ಎಂಬ ಪ್ರಶ್ನೆಗೆ ಅವನು ಬರೆದಿಟ್ಟ ಒಂದು ವಾಕ್ಯವಿತ್ತು: ಹೀಗೆ ಮಾಡಿದರೆ ವರ್ಷದ ಕೊನೆಯಲ್ಲಿ ಲೆಕ್ಕ ತಪ್ಪೀತೆಂದು ತಿಳಿಸಿದ್ದೇನೆ, ಸದ್ಯಕ್ಕೆ ಹೀಗೆಯೇ ಇರಲಿ ಎಂದು ಇಲಾಖೆಯವರು ಹೇಳಿದ್ದರಿಂದ ಬರೆದಿದ್ದೇನೆ. ಅದರ ಕೆಳಗೆ ಸೇರಿಸಿದವರ ಹೆಸರು. ಮಾತು ಅಲ್ಲಿಗೆ ನಿಂತಿತು. "ಸಾರ್, ನೀವು ತರಗತಿಯಲ್ಲಿ ಕಾರಣ ಬರೆಯದ ಉತ್ತರಕ್ಕೆ ಅಂಕವಿಲ್ಲ ಅನ್ನುತ್ತಿದ್ದಿರಿ, ನೆನಪಿದೆಯೆ?" ಎಂದು ಅವನು ಕೇಳಿದ. ನನಗೆ ನೆನಪಿರಲಿಲ್ಲ. ನಮ್ಮ ಲಿಪಿಕಾರರು ಪ್ರತಿಯ ಕೊನೆಯಲ್ಲಿ ತಮ್ಮ ಹೆಸರು ಬರೆದು, ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಬೇಕೆಂದು ಬೇಡುತ್ತಿದ್ದದ್ದು ಮಾತ್ರ ನೆನಪಾಯಿತು.

ಈಗ ನನ್ನ ಸಂಕಲನದ ಕಥೆಯನ್ನು ಮುಗಿಸುತ್ತೇನೆ. ಪುಸ್ತಕ ಅಚ್ಚಾದ ಎರಡನೆಯ ವರ್ಷ ಹಳೆಯ ಚೀಲವೊಂದನ್ನು ಝಾಡಿಸುವಾಗ ಒಂದು ಪೆನ್‌ಡ್ರೈವು ಬಿದ್ದಿತು. ತೆರೆದು ನೋಡಿದೆ. ಅದರಲ್ಲಿ ಇದ್ದದ್ದು ನಮ್ಮ ತಿದ್ದುಪಡಿಯೆಲ್ಲ ಸೇರಿದ ಸರಿಯಾದ ಪಾಠ. ಅಚ್ಚಿಗೆ ಕೊಡುವ ದಿನ ಅವಸರದಲ್ಲಿ ನಾನು ಡಿ.ಟಿ.ಪಿ.ಯವರ ಕೈಗೆ ಕೊಟ್ಟದ್ದು ಇನ್ನೊಂದನ್ನು. ತಪ್ಪು ಅವರದಾಗಿರಲಿಲ್ಲ, ಸಹಸಂಪಾದಕರದೂ ಆಗಿರಲಿಲ್ಲ.

ತಡೆಹಿಡಿದಿದ್ದ ಹಣದಷ್ಟನ್ನು ಕೈಯಿಂದ ಹಾಕಿಕೊಂಡು ಅವರ ಅಂಗಡಿಗೆ ಹೋದೆ. ನಡೆದದ್ದನ್ನು ಹೇಳಿದೆ. ಅವರು ಸಿಟ್ಟಾಗಲಿಲ್ಲ; ಹಣ ಎಣಿಸಿ ಮೇಜಿನ ಒಳಗೆ ಇಟ್ಟುಕೊಂಡರು. ಆಮೇಲೆ, "ದುಡ್ಡು ಸರಿಹೋಯಿತು ಸಾರ್. ಆದರೆ ಆ ವರ್ಷ ಊರಿನ ಬೇರೆ ಕಾಲೇಜಿನವರು ಯಾರೂ ನನಗೆ ಪುಸ್ತಕದ ಕೆಲಸ ಕೊಡಲಿಲ್ಲ" ಎಂದರು.

ಇಂದು ನನ್ನ ಮೇಜಿನ ಮೇಲೆ ಒಂದು ರೂಲು ಪುಸ್ತಕವಿದೆ. ಯಾವ ಕರಡು ಎಂದು ಬಂತು, ಯಾರು ತಿದ್ದಿದರು, ಏಕೆ ತಿದ್ದಿದರು, ಯಾರು ಒಪ್ಪಿದರು ಎಂದು ಅದರಲ್ಲಿ ಬರೆಯುತ್ತೇನೆ. ಒಳಗಿನವರು ಹೊರಗಿನವರು ಇಬ್ಬರೂ ಅದರಲ್ಲಿ ಸಹಿ ಹಾಕಬೇಕು. ಸಹೋದ್ಯೋಗಿಗಳು ನಗುತ್ತಾರೆ, ನಗಲಿ. ಮೊದಲನೆಯ ಸಹಿ ನನ್ನದು.